ಬಾಣಲೆಗೆ ಬಂದ ಗಂಗೆಯ ಮೀನು

ಹೊಳೆನರಸೀಪುರ, ಅರಕಲಗೂಡು ಕಡೆಯ ಬೀಗರೂಟದಲ್ಲಾಗಲಿ ಹೊಸತೊಡಕಿನ ಬಾಡೂಟದಲ್ಲಾಗಲಿ ಮೀನು ಕರಿದರೆ, ಎಲೆಗೆ ಬೀಳುವ ತುಂಡು ಈಗ ಹೆಚ್ಚಾಗಿ ಕಾಟ್ಲಾದ್ದು ಇಲ್ಲವೇ ರೋಹುವಿನದು. ಇವೆರಡೂ ಹೇಮಾವತಿಯ ಮೂಲ ಮೀನುಗಳಲ್ಲ. ಉತ್ತರದ ಗಂಗಾ ಬಯಲಿನವು. ಈ ಸೀಮೆಯ ಮೀನೂಟದ ಚರಿತ್ರೆ ಒಲೆಯ ಮುಂದೆ ನಡೆದದ್ದಕ್ಕಿಂತ ಹೆಚ್ಚಾಗಿ ನೀರಿನೊಳಗೆ ನಡೆದಿದೆ.

ಕನ್ನಡ ನಾಡಿನಲ್ಲಿ ಮೀನಡುಗೆಯ ಲಿಖಿತ ಚರಿತ್ರೆ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮೀನಿನ ಜಾತಿಗಳು, ಅವಕ್ಕೆ ಹಾಕುವ ಆಹಾರ, ಗಾಳ ಹಾಕುವ ಬಗೆ, ಅಡುಗೆ ಎಲ್ಲವೂ ಬರುತ್ತವೆ. ಆಗ ಹಾಸನದ ನೆಲದಲ್ಲಿ ಹೊಯ್ಸಳ ವಿಷ್ಣುವರ್ಧನನ ಆಳ್ವಿಕೆ. ಆ ಕಾಲದ ಮೀನಿಗೆ ಖಾರ ಎಂದರೆ ಕಾಳುಮೆಣಸೇ. ಇಂದು ತುಂಡುಗಳನ್ನು ಕೆಂಪಗೆ ಮಾಡುವ ಒಣಮೆಣಸಿನಕಾಯಿ ಪೋರ್ಚುಗೀಸರ ಹಡಗು ಹತ್ತಿ ಬಂದದ್ದು ಅದಕ್ಕೂ ಶತಮಾನಗಳ ನಂತರ.

ಎಣ್ಣೆಯ ಮಾತೂ ಇದೆ. ಹುಚ್ಚೆಳ್ಳನ್ನು ಗಾಣಕ್ಕೆ ಹಾಕಿ ಎಣ್ಣೆ ತೆಗೆಸುತ್ತಿದ್ದ ಮನೆಗಳಲ್ಲಿ ಊರಿಗೆಲ್ಲ ಸಾಲುವಷ್ಟು ಮೀನು ಕರಿಯುವುದು ಸುಲಭದ ಮಾತಾಗಿರಲಿಲ್ಲ. ಹತ್ತು ಜನಕ್ಕೆ ಇಟ್ಟ ಸಾರನ್ನು ಇಪ್ಪತ್ತು ಜನಕ್ಕೆ ಹಿಗ್ಗಿಸಬಹುದು, ಕರಿದ ತುಂಡನ್ನು ಹಿಗ್ಗಿಸಲಾಗದು. ರಾಗಿಮುದ್ದೆಯ ಜೊತೆ ಹುಳಿ ಬಿಟ್ಟ ಮೀನು ಸಾರೇ ಮುಖ್ಯವಾಗಿ ಉಳಿದದ್ದಕ್ಕೆ ಇದೂ ಒಂದು ಕಾರಣವಿರಬೇಕು.

ಹೊಳೆಯಲ್ಲಿ ಏನಿತ್ತು? ಕೊರವ, ಬಾಳೆ, ಹಲವು ಬಗೆಯ ಗೆಂಡೆಗಳು; ಕಾವೇರಿಯಲ್ಲಿ ಆಳೆತ್ತರಕ್ಕೆ ಬೆಳೆಯಬಲ್ಲ ಬಿಳಿಮೀನು, ಅಂದರೆ ಮಹಸೀರ್. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ದೇವಾಲಯದ ಬಳಿಯ ಮಡುವಿನ ಮೀನುಗಳು ದೇವರ ಮೀನುಗಳು, ಯಾರೂ ಹಿಡಿಯುವಂತಿಲ್ಲ. ಭಕ್ತರು ಪುರಿ ಹಾಕಿ ಕೈಮುಗಿಯುತ್ತಾರೆ. ಮೀನನ್ನು ಆಸೆಪಟ್ಟು ತಿನ್ನುವ ಸೀಮೆಯೇ ಹೊಳೆಯ ಒಂದು ತುಣುಕನ್ನು ಹೀಗೆ ಕಾಯ್ದುಕೊಂಡಿರುವುದು ದೊಡ್ಡ ವಿವೇಕ. ಹಾಗಿದ್ದೂ ಕಾವೇರಿಯ ಗೂನು ಬೆನ್ನಿನ ಮಹಸೀರ್ ಈಗ ಅಳಿವಿನ ಅಂಚಿನಲ್ಲಿದೆ.

ನೀರು ಬದಲಾದದ್ದು ಕಳೆದ ಶತಮಾನದ ಉತ್ತರಾರ್ಧದಲ್ಲಿ. 1952ರಲ್ಲಿ ಭಾರತಕ್ಕೆ ಬಂದ ಆಫ್ರಿಕಾದ ತಿಲಾಪಿಯಾ ನಮ್ಮ ಕೆರೆಗಳಲ್ಲಿ ‘ಜಿಲೇಬಿ ಮೀನು’ ಆಯಿತು. 1957ರಲ್ಲಿ ಡಾ. ಹೀರಾಲಾಲ್ ಚೌಧರಿ ಅವರು ಹಾರ್ಮೋನ್ ಚುಚ್ಚಿ ಗೆಂಡೆ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದರು. ಅಲ್ಲಿಯವರೆಗೆ ಹೊಳೆಯಲ್ಲಿ ಸೋಸಿ ತರಬೇಕಿದ್ದ ಮರಿಗಳು ಮರಿಕೇಂದ್ರಗಳಲ್ಲೇ ಸಿಗತೊಡಗಿದವು. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟೆ ಮುಗಿಯಿತು. ನಾಲೆ ನೀರು ಚನ್ನರಾಯಪಟ್ಟಣದ ಬಯಲಿಗೂ ಹರಿದು, ಮಳೆಯನ್ನೇ ನಂಬಿದ್ದ ಕೆರೆಗಳು ತುಂಬತೊಡಗಿದವು. ತುಂಬಿದ ಕೆರೆಗೆ ಕಾಟ್ಲಾ ಮರಿ ಬಿತ್ತು.

ಸಮಾರಂಭಕ್ಕೆ ಕಾಟ್ಲಾ ಒಗ್ಗಿದ್ದಕ್ಕೆ ಕಾರಣ ಸರಳ: ದೊಡ್ಡ ಮೀನು, ದಪ್ಪ ತುಂಡು, ಆಯ್ದು ತಿನ್ನಲು ಬರುವ ಮುಳ್ಳು. ಮೀನನ್ನು ಕಲ್ಲಿಗೆ ಉಜ್ಜಿ, ಕಿವಿರು ತೆಗೆದು, ಉಪ್ಪು ಅರಿಸಿನ ಹಚ್ಚಿ ಬಿಟ್ಟರೆ ಅದು ನೀರು ಬಿಡುತ್ತದೆ. ಆ ನೀರು ಬಸಿಯದೆ ಖಾರ ಮೆತ್ತಿದರೆ ಬಾಣಲೆಯಲ್ಲಿ ಮಸಾಲೆಯೆಲ್ಲ ಕಳಚಿ ತಳ ಸೇರುತ್ತದೆ. ಅಚ್ಚಖಾರದ ಪುಡಿ, ಧನಿಯ, ಶುಂಠಿ ಬೆಳ್ಳುಳ್ಳಿ, ನಿಂಬೆಹುಳಿ, ಮೇಲೆ ಒಂದಿಷ್ಟು ಅಕ್ಕಿಹಿಟ್ಟು. ಎಣ್ಣೆಗೆ ಹಾಕಿದ ಕರಿಬೇವಿನ ಎಲೆ ತಕ್ಷಣ ಚಟಗುಟ್ಟಬೇಕು. ಪಂಕ್ತಿ ಕಾಯುತ್ತಿದೆಯೆಂದು ಒಮ್ಮೆಗೇ ತುಂಬ ತುಂಡು ಸುರಿದರೆ ಎಣ್ಣೆ ಆರಿ ಮೀನು ಜಿಡ್ಡಾಗುತ್ತದೆ, ಅಡಿ ಗಟ್ಟಿಯಾಗುವ ಮುಂಚೆ ಮಗುಚಿದರೆ ಮುರಿಯುತ್ತದೆ. ತಲೆಗಳು ಮಾತ್ರ ಇಂದಿಗೂ ಸಾರಿಗೇ ಹೋಗುತ್ತವೆ.

ಕೆರೆಯ ಮೀನು ಈಗ ಗುತ್ತಿಗೆಯ ಸ್ವತ್ತು. ದೊಡ್ಡ ಕೆರೆಗಳನ್ನು ಮೀನುಗಾರಿಕೆ ಇಲಾಖೆ, ಸಣ್ಣವನ್ನು ಗ್ರಾಮ ಪಂಚಾಯಿತಿ ಗುತ್ತಿಗೆಗೆ ಕೊಡುತ್ತವೆ. ಗುತ್ತಿಗೆ ಹಿಡಿದವರು ಬೇಗ ತೂಕ ಬರುವ ಮರಿಯನ್ನೇ ಬಿಡುತ್ತಾರೆ, ಅದರಲ್ಲಿ ತಪ್ಪು ಹುಡುಕುವಂಥದ್ದಿಲ್ಲ. ಆದರೆ ಬಿತ್ತನೆಯ ಪಟ್ಟಿಯಲ್ಲಿ ಕೊರವಕ್ಕೂ ಹೊಳೆಯ ಗೆಂಡೆಗಳಿಗೂ ಒಂದು ಪಾಲು ಮೀಸಲಿಡುವುದು ಇಲಾಖೆಯ ಕೈಯಲ್ಲೇ ಇರುವ ಕೆಲಸ.