ಢಾಕಾದ ಟ್ರೈನಿಂಗ್ ಕಾಲೇಜು ಮತ್ತು ಮೈಕೇಲ್ ವೆಸ್ಟರ ಭಾಷಾಬೋಧನ ವಿಚಾರ

ಇಂಗ್ಲಿಷು ತಾಯ್ನುಡಿಯಲ್ಲದವರಿಗೆ ಆ ಭಾಷೆಯನ್ನು ಕಲಿಸತಕ್ಕ ಉಪಾಧ್ಯಾಯರನ್ನು ಸಿದ್ಧಗೊಳಿಸುವ ಕಾರ್ಯವು ಇಂದು ಪ್ರತ್ಯೇಕವಾದೊಂದು ಶಾಸ್ತ್ರವೆನಿಸಿಕೊಂಡಿದೆ. ಅದಕ್ಕೆ ವಿಶ್ವವಿದ್ಯಾನಿಲಯಗಳಲ್ಲಿ ಪೀಠಗಳುಂಟು, ಪದವಿಗಳುಂಟು, ಪತ್ರಿಕೆಗಳುಂಟು. ಈ ಶಾಸ್ತ್ರದ ಮೂಲವನ್ನು ಅರಸುವವರು ಸಾಮಾನ್ಯವಾಗಿ ಲಂಡನ್ನಿನ ಕಡೆಗೋ ಅಮೆರಿಕದ ಕಡೆಗೋ ದೃಷ್ಟಿಯನ್ನು ತಿರುಗಿಸುವರು. ಆದರೆ ಅದರ ಮುಖ್ಯವಾದ ಬೇರುಗಳಲ್ಲೊಂದು ಪೂರ್ವಬಂಗಾಳದ ಢಾಕಾ ನಗರದಲ್ಲಿ, ಊರ ಹುಡುಗರಿಗೆ ಪಾಠ ಹೇಳುವ ಮೇಷ್ಟರುಗಳನ್ನು ತಯಾರುಮಾಡುತ್ತಿದ್ದ ಟ್ರೈನಿಂಗ್ ಕಾಲೇಜಿನಲ್ಲಿ, ಹೂತುಹೋಗಿದೆ. ಆ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಮೈಕೇಲ್ ವೆಸ್ಟರ ವೃತ್ತಿಜೀವನವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಉಚಿತವಾಗಿದೆ.

ವೆಸ್ಟರು 1888ರಲ್ಲಿ ಜನಿಸಿ, ಆಕ್ಸ್‌ಫರ್ಡಿನಲ್ಲಿ ವ್ಯಾಸಂಗಮಾಡಿ, 1912ರಲ್ಲಿ ಇಂಡಿಯನ್ ಎಜುಕೇಷನಲ್ ಸರ್ವೀಸಿಗೆ ಸೇರಿ ಬಂಗಾಳಕ್ಕೆ ಬಂದರು. ಆಗಿನ ಬಂಗಾಳದ ವಿದ್ಯಾಭ್ಯಾಸದ ಸ್ಥಿತಿಯು ವಿಲಕ್ಷಣವಾಗಿದ್ದಿತು. 1835ರ ಮೆಕಾಲೆಯ ಟಿಪ್ಪಣಿಯಿಂದ ಮೊದಲುಗೊಂಡು ಇಂಗ್ಲಿಷು ವಿದ್ಯೆಯು ಸರ್ಕಾರದ ನೌಕರಿಗೆ ಹೆಬ್ಬಾಗಿಲಾಗಿ ನಿಂತಿದ್ದಿತು. ಎಲ್ಲ ತಂದೆತಾಯಿಗಳಿಗೂ ಅದೇ ಬೇಕು. ಆದರೆ ಮೆಟ್ರಿಕ್ಯುಲೇಷನ್ ತೇರ್ಗಡೆಯಾಗಿ ಕಾಲೇಜಿಗೆ ಬಂದವರಲ್ಲಿಯೇ ಅನೇಕರಿಗೆ ಇಂಗ್ಲಿಷಿನ ಉಪನ್ಯಾಸಗಳನ್ನು ಹಿಂಬಾಲಿಸುವಷ್ಟು ಭಾಷಾಜ್ಞಾನವಿಲ್ಲವೆಂಬುದನ್ನು ಸರ್ ಮೈಕೇಲ್ ಸ್ಯಾಡ್ಲರರ ಅಧ್ಯಕ್ಷತೆಯಲ್ಲಿ 1917ರಿಂದ 1919ರವರೆಗೆ ವಿಚಾರಣೆ ನಡೆಸಿದ ಕಲ್ಕತ್ತಾ ವಿಶ್ವವಿದ್ಯಾನಿಲಯದ ಕಮಿಷನ್ನು ಎತ್ತಿತೋರಿಸಿತು. ಮೇಲೇರಿದವರ ಪಾಡೇ ಹೀಗಾದರೆ ನಡುವೆಯೇ ಶಾಲೆಯನ್ನು ಬಿಟ್ಟುಹೋದವರ ಪಾಡನ್ನು ಕೇಳುವವರಾರು? ಕೆಳಗಿನ ತರಗತಿಗಳಲ್ಲಿ ಕಿಕ್ಕಿರಿದ ಹುಡುಗರು ವರ್ಷವರ್ಷಕ್ಕೂ ಕರಗುತ್ತ, ಮೇಲಿನ ತರಗತಿಯನ್ನು ಮುಟ್ಟುವ ವೇಳೆಗೆ ಕೆಲವರೇ ಉಳಿಯುತ್ತಿದ್ದರು.

ಹೀಗೆ ಉದುರಿಹೋದವರ ಪರವಾಗಿ ವೆಸ್ಟರು ಎತ್ತಿದ ಪ್ರಶ್ನೆಯೇ ಅವರ ವಿಚಾರಗಳಿಗೆಲ್ಲ ಕೇಂದ್ರವೆನ್ನಬಹುದು. ಜೀವವಿಮೆಯ ವ್ಯವಹಾರವನ್ನು ಬಲ್ಲವರಿಗೆ ‘ಸರೆಂಡರ್ ಮೌಲ್ಯ’ವೆಂಬ ಮಾತು ಹೊಸದಲ್ಲ. ಇಪ್ಪತ್ತು ವರ್ಷ ಕಂತು ಕಟ್ಟುವೆನೆಂದು ಒಪ್ಪಿಕೊಂಡವನು ಐದಾರು ವರ್ಷ ಕಟ್ಟಿ, ಮುಂದೆ ಶಕ್ತಿಸಾಲದೆ ನಿಲ್ಲಿಸಿದರೆ, ಅವನ ಕೈಗೆ ಹಿಂದಿರುಗಿ ಬರುವ ಹಣವೆಷ್ಟೋ ಅದೇ ಸರೆಂಡರ್ ಮೌಲ್ಯ. ವೆಸ್ಟರು ಈ ಪದವನ್ನು ವಿಮೆಯ ಕಚೇರಿಯಿಂದ ಪಾಠಶಾಲೆಗೆ ತಂದರು. ಎರಡೋ ಮೂರೋ ವರ್ಷ ಇಂಗ್ಲಿಷು ಕಲಿತು ಶಾಲೆ ಬಿಟ್ಟ ಹುಡುಗನಿಗೆ ಆ ವರ್ಷಗಳಿಂದ ಬಂದ ಲಾಭವೇನು? ಅಂದಿನ ಪಾಠಕ್ರಮವೆಲ್ಲ ಕೊನೆಯ ಪರೀಕ್ಷೆಯನ್ನು ಕಣ್ಣಮುಂದೆ ಇಟ್ಟುಕೊಂಡು ರಚಿತವಾದದ್ದು. ಮೊದಲ ವರ್ಷಗಳಲ್ಲಿ ಹಾಕುವುದೆಲ್ಲ ಅಸ್ತಿಭಾರ. ಮನೆ ಕಟ್ಟಿಮುಗಿಸುವವನಿಗೆ ಅಸ್ತಿಭಾರದ ಕಲ್ಲಿನಿಂದ ಪ್ರಯೋಜನವುಂಟು. ನಡುವೆ ನಿಲ್ಲಿಸಿದವನಿಗೆ ಅದರ ಮೇಲೆ ಮಳೆಯಲ್ಲಿ ತಲೆಮರೆಸಿಕೊಳ್ಳುವುದಕ್ಕೂ ಆಗದು.

ಈ ಪ್ರಶ್ನೆಗೆ ಅವರು ಕೊಟ್ಟ ಉತ್ತರವು 1926ರಲ್ಲಿ ಕಲ್ಕತ್ತೆಯಿಂದ ಭಾರತ ಸರ್ಕಾರದ ವಿದ್ಯಾ ಶಾಖೆಯ ವರದಿಯ ರೂಪದಲ್ಲಿ ಹೊರಬಿದ್ದ ‘ಬೈಲಿಂಗ್ವಲಿಸಂ’ ಎಂಬ ಗ್ರಂಥದಲ್ಲಿದೆ. ಅವರ ವಾದದ ಸಾರವಿಷ್ಟು. ಯಾವ ಜನಾಂಗವೂ ತನ್ನ ತಾಯ್ನುಡಿಯನ್ನು ಬಿಟ್ಟುಕೊಡದು, ಬಿಟ್ಟುಕೊಡಬೇಕಾಗಿಯೂ ಇಲ್ಲ. ಆದರೆ ಲೋಕದ ಶಾಸ್ತ್ರಜ್ಞಾನವನ್ನೆಲ್ಲ ತನ್ನ ನುಡಿಗೆ ಒಮ್ಮೆಲೇ ಇಳಿಸಿಕೊಳ್ಳುವುದೂ ಅದಕ್ಕೆ ಸಾಧ್ಯವಿಲ್ಲ. ಆದುದರಿಂದ ಬಂಗಾಳಿ ಹುಡುಗನಿಗೆ ಇಂಗ್ಲಿಷಿನಿಂದ ಆಗಬೇಕಾದ ಮೊದಲ ಉಪಯೋಗವು ಮಾತಲ್ಲ, ಬರವಣಿಗೆಯೂ ಅಲ್ಲ, ಓದು. ಸರಳವಾದ ಪುಸ್ತಕವೊಂದನ್ನು ತಾನಾಗಿ ಓದಿ ತಿಳಿದುಕೊಳ್ಳುವ ಶಕ್ತಿಯು ಬಂದರೆ, ಶಾಲೆಯನ್ನು ಬಿಟ್ಟಮೇಲೂ ಅದು ಅವನೊಡನೆ ಉಳಿದು ಬೆಳೆಯಬಲ್ಲುದು. ತರಗತಿಯ ಲೆಕ್ಕವೂ ಈ ಪಕ್ಷಕ್ಕೆ ಅನುಕೂಲವಾಗಿಯೇ ಇದೆ. 40 ಹುಡುಗರ ತರಗತಿಯಲ್ಲಿ 40 ನಿಮಿಷದ ಪಾಠವನ್ನು ಮಾತಿಗೆಂದು ಹಂಚಿದರೆ ಒಬ್ಬೊಬ್ಬನ ಪಾಲಿಗೆ ಬರುವುದು ಒಂದೇ ನಿಮಿಷ. ಓದಿಗೆ ಕುಳಿತರೆ 40 ಮಂದಿಯೂ 40 ನಿಮಿಷವೂ ಕೆಲಸದಲ್ಲಿರುವರು.

ಓದಿಸುವುದಕ್ಕೆ ತಕ್ಕ ಪುಸ್ತಕಗಳು ಬೇಡವೆ? ಇದ್ದ ವಾಚಕಗಳನ್ನು ವೆಸ್ಟರು ಎಣಿಕೆಗೆ ಹಚ್ಚಿ ನೋಡಿದಾಗ ಎರಡು ದೋಷಗಳು ಎದ್ದುಕಂಡವು. ಹೊಸ ಶಬ್ದಗಳು ಒಂದರ ಮೇಲೊಂದು ಬಂದು ಬೀಳುತ್ತಿದ್ದವು. ಒಮ್ಮೆ ಬಂದ ಶಬ್ದವು ಮತ್ತೆ ಬಾರದೆ ಮರೆಯಾಗುತ್ತಿತ್ತು. ಅಲ್ಲದೆ ಆ ಶಬ್ದಗಳಲ್ಲಿ ಎಷ್ಟೋ ಬಳಕೆ ತಪ್ಪಿದವು, ಕಾವ್ಯದವು. ‘ಐಲೆಂಡ್’ ಎಂಬುದನ್ನರಿಯದ ಹುಡುಗನು ‘ಐಲ್’ ಎಂಬುದನ್ನು ಕಲಿಯಬೇಕು. ‘ಸೀ’ ಎಂಬುದಕ್ಕೆ ಮೊದಲೇ ‘ಬಿಹೋಲ್ಡ್’. ಕನ್ನಡವನ್ನು ಹೊಸದಾಗಿ ಕಲಿಯುವ ಪರದೇಶಿಗೆ ‘ನೋಡು’ ಎಂಬುದನ್ನು ಬಿಟ್ಟು ‘ಈಕ್ಷಿಸು’ ಎಂಬುದನ್ನು ಬಾಯಿಪಾಠ ಮಾಡಿಸಿದಂತೆ! ಅಮೆರಿಕದ ಥಾರ್ನ್‌ಡೈಕರು 1921ರಲ್ಲಿ ಪ್ರಕಟಿಸಿದ್ದ ಶಬ್ದಾವೃತ್ತಿಯ ಪಟ್ಟಿಯನ್ನು ಆಧಾರವಾಗಿಟ್ಟುಕೊಂಡು ವೆಸ್ಟರು ಬಳಕೆಯ ಶಬ್ದಗಳನ್ನೇ ಆರಿಸಿ, ಅವುಗಳನ್ನು ವಿರಳವಾಗಿ ಬಿತ್ತಿ, ಪ್ರತಿಯೊಂದನ್ನೂ ಮತ್ತೆಮತ್ತೆ ತಂದು ಕಥೆಗಳನ್ನು ರಚಿಸಿದರು. ಹೀಗೆ ಢಾಕಾದ ಶಾಲೆಗಳಲ್ಲಿ ಪರೀಕ್ಷಿತವಾದ ಪಾಠಗಳು ಲಾಂಗ್‌ಮನ್ಸ್ ಕಂಪೆನಿಯವರ ‘ನ್ಯೂ ಮೆಥಡ್’ ವಾಚಕಗಳಾಗಿ ಹೊರಬಂದು ನಾನಾ ದೇಶಗಳಿಗೆ ಹರಡಿದವು.

ಈ ಪದ್ಧತಿಗೆ ಆಕ್ಷೇಪಗಳು ಇಲ್ಲದಿರಲಿಲ್ಲ. ಅದೇ ಕಾಲದಲ್ಲಿ ಹೆರಾಲ್ಡ್ ಪಾಮರರು ಜಪಾನಿನಲ್ಲಿ ಇದ್ದರು. ಅವರು 1922ರಲ್ಲಿ ಟೋಕಿಯೋ ನಗರಕ್ಕೆ ಹೋಗಿ, ಮರುವರ್ಷ ಇಂಗ್ಲಿಷು ಬೋಧನೆಯ ಸಂಶೋಧನಾ ಸಂಸ್ಥೆಯೊಂದನ್ನು ಸ್ಥಾಪಿಸಿ, ಕಿವಿ ಮತ್ತು ಬಾಯಿಗಳ ಮೂಲಕವೇ ಭಾಷೆಯು ಒಳಹೋಗಬೇಕೆಂಬ ಪಕ್ಷವನ್ನು ಬಹು ಸಮರ್ಥವಾಗಿ ಪ್ರತಿಪಾದಿಸಿದರು. ಭಾಷೆಯ ಸ್ವಭಾವವನ್ನು ಕುರಿತ ಶಾಸ್ತ್ರವಿಚಾರದಲ್ಲಿ ಪಾಮರರ ಕೈ ಮೇಲೆಂಬುದರಲ್ಲಿ ಸಂದೇಹವಿಲ್ಲ. ವೆಸ್ಟರು ಸಹ ಮುಂದೆ ಮಾತಿನ ಪಾಠಗಳನ್ನು ರಚಿಸಿದುದನ್ನು ನೋಡಿದರೆ, ಓದೊಂದೇ ಸಾಕೆಂಬ ಹಟವು ಅವರಿಗೆ ಇರಲಿಲ್ಲವೆಂದು ವ್ಯಕ್ತವಾಗುತ್ತದೆ. ಇನ್ನೊಂದು ಆಕ್ಷೇಪವು ಹೆಚ್ಚು ತೀಕ್ಷ್ಣವಾದುದು: ಆಳುವವರ ನುಡಿಯನ್ನು ಆಳಿಸಿಕೊಳ್ಳುವವರು ಓದಿದರೆ ಸಾಕು, ಆಡಬೇಕಾಗಿಲ್ಲವೆಂಬುದು ದೊರೆಗಳಿಗೆ ಅನುಕೂಲವಾದ ಮಾತಲ್ಲವೆ? ವೆಸ್ಟರು ಪರಕೀಯ ಸರ್ಕಾರದ ಅಧಿಕಾರಿಗಳೇ ಆಗಿದ್ದುದರಿಂದ ಈ ಸಂಶಯವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಆದರೆ ಹತ್ತಾರು ವರ್ಷ ಓದಿ ವಕೀಲನಾಗುವವನಿಗಾಗಿಯೇ ಇಡೀ ಪಾಠಕ್ರಮವನ್ನು ಕಟ್ಟಿ, ಉಳಿದವರನ್ನು ಬರಿಗೈಯಲ್ಲಿ ಮನೆಗೆ ಕಳುಹುತ್ತಿದ್ದ ಏರ್ಪಾಡನ್ನು ಸಮರ್ಥಿಸಿದವರಲ್ಲಿ ದೇಶೀಯರೂ ಕಡಮೆಯಿರಲಿಲ್ಲ. ಆ ಏರ್ಪಾಡಿಗಿಂತ ವೆಸ್ಟರದು ನ್ಯಾಯಕ್ಕೆ ಹತ್ತಿರವಾದುದು.

1932ರಲ್ಲಿ ಅವರು ಭಾರತವನ್ನು ಬಿಟ್ಟರು. ಅನಂತರ ಟೊರಾಂಟೊ ಮತ್ತು ಲಂಡನ್ನುಗಳಲ್ಲಿ ಬೋಧಿಸಿದರು. 1935ರಲ್ಲಿ, ಚೀನಾದಲ್ಲಿ ಮಿಷನರಿಗಳಾಗಿದ್ದ ಎಂಡಿಕಟ್ಟರೊಡನೆ ಕೂಡಿ ಅವರು ಪ್ರಕಟಿಸಿದ ನಿಘಂಟು ಗಮನಾರ್ಹವಾದುದು. ಅದರಲ್ಲಿ ಸುಮಾರು 24,000 ಪದ ಮತ್ತು ನುಡಿಗಟ್ಟುಗಳ ಅರ್ಥವನ್ನು ಕೇವಲ 1,490 ಶಬ್ದಗಳ ಮಿತಿಯೊಳಗೆ ವಿವರಿಸಿದೆ. ಕಠಿನಪದಕ್ಕೆ ಅದಕ್ಕಿಂತ ಕಠಿನವಾದ ಪದದಿಂದ ಅರ್ಥಹೇಳುವ ಕೋಶಕಾರರ ಹಳೆಯ ವ್ಯಾಧಿಗೆ ಇದಕ್ಕಿಂತ ಒಳ್ಳೆಯ ಮದ್ದು ಅದುವರೆಗೆ ಹುಟ್ಟಿರಲಿಲ್ಲ. 1934ರಲ್ಲಿ ಕಾರ್ನೆಗಿ ಸಂಸ್ಥೆಯ ಆಶ್ರಯದಲ್ಲಿ ನ್ಯೂಯಾರ್ಕಿನಲ್ಲಿ ಸೇರಿದ ಸಮ್ಮೇಳನದಲ್ಲಿ ವೆಸ್ಟರೂ ಪಾಮರರೂ ಒಂದೇ ಮೇಜಿನ ಬಳಿ ಕುಳಿತು ಶಬ್ದಗಳ ಆಯ್ಕೆಯನ್ನು ಕುರಿತು ಚರ್ಚಿಸಿದರು. ಅದರ ಫಲವಾಗಿ 1936ರಲ್ಲಿ ವರದಿಯೊಂದೂ, ಅದನ್ನೇ ಪರಿಷ್ಕರಿಸಿ ವೆಸ್ಟರು 1953ರಲ್ಲಿ ಸಂಪಾದಿಸಿದ ‘ಜನರಲ್ ಸರ್ವಿಸ್ ಲಿಸ್ಟ್’ ಎಂಬ ಸುಮಾರು 2,000 ಶಬ್ದಗಳ ಪಟ್ಟಿಯೂ ಹೊರಬಂದವು. ಒಂದು ಶಬ್ದಕ್ಕೆ ಐದಾರು ಅರ್ಥಗಳಿದ್ದರೆ ಯಾವುದು ಬಳಕೆಯಲ್ಲಿ ನೂರಕ್ಕೆ ಎಷ್ಟು ಪಾಲು ಬರುತ್ತದೆಂಬುದನ್ನೂ ಅದರಲ್ಲಿ ಕೊಟ್ಟಿರುವುದು ಉಪಾಧ್ಯಾಯರಿಗೆ ಮಹೋಪಕಾರವಾಯಿತು.

ಅವರ ಕೊನೆಯ ದಿನಗಳ ಕೃತಿಗಳಲ್ಲಿ 1960ರ ‘ಟೀಚಿಂಗ್ ಇಂಗ್ಲಿಷ್ ಇನ್ ಡಿಫಿಕಲ್ಟ್ ಸರ್ಕಂಸ್ಟನ್ಸಸ್’ ಎಂಬ ಸಣ್ಣ ಪುಸ್ತಕವು ಢಾಕಾದ ಅನುಭವವನ್ನೇ ಮತ್ತೆ ನೆನಪಿಗೆ ತರುತ್ತದೆ. ಅಲ್ಲಿ ವರ್ಣಿತವಾಗಿರುವುದು ಬೆಂಚುಗಳ ಮೇಲೆ ಒತ್ತೊತ್ತಾಗಿ ಕುಳಿತ ಮಕ್ಕಳ ತರಗತಿ, ಸೆಕೆ, ತಾನೇ ಇಂಗ್ಲಿಷನ್ನು ತಡವರಿಸಿ ಆಡುವ ಉಪಾಧ್ಯಾಯ. ಬೋಧನಶಾಸ್ತ್ರದ ಗ್ರಂಥಗಳು ಸಾಮಾನ್ಯವಾಗಿ ನೋಡಲೊಲ್ಲದ ಕೊಠಡಿ ಅದು. ವೆಸ್ಟರು 1973ರಲ್ಲಿ ತೀರಿಕೊಂಡರು.

ಸ್ವತಂತ್ರ ಭಾರತದಲ್ಲಿ ಉಪಾಧ್ಯಾಯ ಶಿಕ್ಷಣವು ಬೇರೆ ದಾರಿಯನ್ನು ಹಿಡಿಯಿತು. 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರ ಇಂಗ್ಲಿಷು ಸಂಸ್ಥೆಯೂ, 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಸಂಸ್ಥೆಯೂ ಆರಂಭವಾದವು. ಶಬ್ದಗಳನ್ನು ಮಾತ್ರವಲ್ಲದೆ ವಾಕ್ಯರಚನೆಗಳನ್ನೂ ಎಣಿಸಿ ಸಾಲಾಗಿ ಜೋಡಿಸಿ ಕಲಿಸುವ ರಚನಾಕ್ರಮವು ಎಲ್ಲೆಲ್ಲಿಯೂ ಹಬ್ಬಿತು. ಅದರ ಫಲವು ನಿರೀಕ್ಷೆಯಷ್ಟು ಬಾರದಿರಲು, ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರು ಸಂಸ್ಥೆಯ ಆಶ್ರಯದಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಪ್ರಯೋಗವೊಂದನ್ನು ನಡೆಸಿದರು. ಅಲ್ಲಿ ಪಟ್ಟಿಯೇ ಇಲ್ಲ. ರೈಲಿನ ವೇಳಾಪಟ್ಟಿಯನ್ನೋ ನಕ್ಷೆಯನ್ನೋ ಮುಂದಿಟ್ಟು ಬುದ್ಧಿಗೆ ಕೆಲಸಕೊಟ್ಟರೆ ಭಾಷೆಯು ತಾನಾಗಿ ಬರುವುದೆಂಬುದು ಅವರ ಸಿದ್ಧಾಂತ. ಈ ಪ್ರಯೋಗವನ್ನು ಕುರಿತ ಅವರ ಗ್ರಂಥವು 1987ರಲ್ಲಿ ಪ್ರಕಟವಾಗಿ ಪರದೇಶಗಳಲ್ಲಿ ವಿಶೇಷ ಮನ್ನಣೆಯನ್ನು ಪಡೆಯಿತು. ಪಟ್ಟಿಯನ್ನು ತ್ಯಜಿಸಿದ ಪ್ರಭು ಅವರಿಗೂ ಪಟ್ಟಿಯ ಕರ್ತರಾದ ವೆಸ್ಟರಿಗೂ ಮೇಲುನೋಟಕ್ಕೆ ವಿರೋಧವಿದ್ದರೂ, ಅರ್ಥವನ್ನು ಅರಸುವ ಕೆಲಸದಲ್ಲಿ ಮಗುವಿನ ಮನಸ್ಸು ತೊಡಗಬೇಕೆಂಬಲ್ಲಿ ಇಬ್ಬರೂ ಸಮೀಪವರ್ತಿಗಳು.

ವೆಸ್ಟರ ಪಟ್ಟಿಯನ್ನು ಹೊಸ ಎಣಿಕೆಗಳಿಂದ ಪರಿಷ್ಕರಿಸುವ ಉದ್ಯಮವು 2013ರಲ್ಲಿ, ಎಂದರೆ ಅದು ಪ್ರಕಟವಾದ 60 ವರ್ಷಗಳ ಮೇಲೆ, ನಡೆಯಿತು. ಸರಳ ಪಠ್ಯಗಳೂ ವಿದ್ಯಾರ್ಥಿಗಳ ನಿಘಂಟುಗಳೂ ಅವರು ತುಳಿದ ಹಾದಿಯಲ್ಲಿಯೇ ನಡೆದಿವೆ. ಢಾಕಾದಲ್ಲಿ ಅವರು ಕೇಳಿದ ಆ ಮೊದಲ ಪ್ರಶ್ನೆಯು ಮಾತ್ರ, ನಡುವೆ ಬಿಟ್ಟುಹೋದ ಹುಡುಗನಿಗೆ ದಕ್ಕಿದ್ದೆಷ್ಟು ಎಂಬುದು, ಪಟ್ಟಿಯೊಡನೆ ಪ್ರಯಾಣಮಾಡಲಿಲ್ಲ.