ಅಂಜುದೀವ್‌ಗೆ ಹೋಗಬೇಕಾ? ಮೊದಲು ಗಾಳಿ ಕೇಳಿ

📍 ಕಾರವಾರ | ಕಡಲ ಕಥೆಗಳು

1/7
ಮಳೆ ನಿಂತಿತು ಅಂದ್ರೆ ಸಾಕು, "ಕಾರವಾರದ ಹತ್ರ ಯಾವುದಾದ್ರೂ ದ್ವೀಪಕ್ಕೆ ದೋಣಿ ಸಿಗತ್ತಾ?" ಅನ್ನೋ ಮೆಸೇಜುಗಳು ಶುರು. ಅದರಲ್ಲಿ ಹೆಚ್ಚಿನವರು ಕೇಳೋದು ಅಂಜುದೀವ್ ಬಗ್ಗೆ. ಬಿಣಗಾ ದಡದಿಂದ ಎರಡು ಕಿಲೋಮೀಟರ್ ಆಸುಪಾಸಿನಲ್ಲಿರುವ ದ್ವೀಪ ಅದು. ಹೆದ್ದಾರಿ 66ರಲ್ಲಿ ಹೋಗುವಾಗ ಬರಿಗಣ್ಣಿಗೆ ಕಾಣುತ್ತೆ. ಕರ್ನಾಟಕದ ದಡಕ್ಕೆ ಅಂಟಿಕೊಂಡಂತಿದ್ದರೂ ಆಡಳಿತದ ಲೆಕ್ಕದಲ್ಲಿ ಗೋವಾಕ್ಕೆ ಸೇರಿದ್ದು.

ಸರಣಿಯಲ್ಲಿ ಆ ದ್ವೀಪದ ಫೋಟೊ ಒಂದೂ ಇಲ್ಲ, ಗಮನಿಸಿದ್ರಾ? ಈಗ ಅದು ನೌಕಾನೆಲೆಯ ಭಾಗ. ಹಾಗಾಗಿ ಇಲ್ಲಿರುವುದು ಟಾಗೋರ್ ಕಡಲತೀರದ ಚಿತ್ರಗಳು ಮಾತ್ರ. ಆದರೆ ಕಥೆ ಪೂರ್ತಿ ಅಂಜುದೀವ್‌ದೇ. ಕಡಲ ಪ್ರವಾಸದ ಪ್ಲಾನ್ ಹಾಕುವವರು ಓದಲೇಬೇಕಾದ ಕಥೆ.

2/7
1498ರ ಸೆಪ್ಟೆಂಬರ್ ಕೊನೆಯ ವಾರ. ಕಲ್ಲಿಕೋಟೆಯಿಂದ ಊರಿಗೆ ಹೊರಟಿದ್ದ ವಾಸ್ಕೋ ಡ ಗಾಮಾ ಇಲ್ಲಿ ಲಂಗರು ಹಾಕಿದ. ಹಡಗಿನ ತಳ ಕೆರೆದು ಸ್ವಚ್ಛ ಮಾಡಿಸಿದ, ಸಿಹಿನೀರು ತುಂಬಿಸಿಕೊಂಡ. ಅಕ್ಟೋಬರ್ 5ಕ್ಕೆ ಆಫ್ರಿಕಾದ ಕಡೆ ಹೊರಟ.

ಇಲ್ಲೇ ಲೆಕ್ಕ ತಪ್ಪಿದ್ದು. ನಮ್ಮ ಕಡಲಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ನೈಋತ್ಯದ ಗಾಳಿ. ಅದು ತಿರುಗಿ ಈಶಾನ್ಯದಿಂದ ಹದವಾಗಿ ಬೀಸೋಕೆ ನವೆಂಬರ್ ಬರಬೇಕು. ನಡುವಿನ ಅಕ್ಟೋಬರ್ ಅತ್ತಲೂ ಅಲ್ಲ ಇತ್ತಲೂ ಅಲ್ಲ: ಒಂದು ದಿನ ಗಾಳಿಯೇ ಇಲ್ಲ, ಇನ್ನೊಂದು ದಿನ ಎದುರುಗಾಳಿ. ಅರಬ್ ಮತ್ತು ಗುಜರಾತಿ ನಾವಿಕರಿಗೆ ಇದು ತಲೆಮಾರುಗಳಿಂದ ಗೊತ್ತಿದ್ದ ವಿಷಯ.

ಬರುವಾಗ ಮಾಲಿಂದಿಯಲ್ಲಿ ಸಿಕ್ಕ ದಾರಿ ಬಲ್ಲ ನಾವಿಕನ ಸಹಾಯದಿಂದ ಗಾಮಾ 23 ದಿನಕ್ಕೆ ಕಡಲು ದಾಟಿದ್ದ. ಹೋಗುವಾಗ ಅದೇ ಕಡಲಿಗೆ ಹಿಡಿದಿದ್ದು ಮೂರು ತಿಂಗಳಿಗೆ ಮೂರೇ ದಿನ ಕಮ್ಮಿ. ತಾಜಾ ಆಹಾರವಿಲ್ಲದೆ ಒಸಡು ಊದಿಕೊಂಡು, ಸ್ಕರ್ವಿ ರೋಗದಿಂದ ಆ ದಾರಿಯಲ್ಲಿ ಸತ್ತವರು 30 ಜನ. ಉಳಿದವರಲ್ಲಿ ಹಡಗು ನಡೆಸುವಷ್ಟು ತ್ರಾಣ ಇದ್ದವರು ಪ್ರತಿ ಹಡಗಿಗೆ ಬೆರಳೆಣಿಕೆ.

ಇನ್ನೊಂದು ತಿಂಗಳು ಅಂಜುದೀವ್‌ನಲ್ಲೇ ಕಾದಿದ್ದರೆ? ಯೋಚನೆ ಮಾಡಿ.

3/7
1505ರಲ್ಲಿ ಪೋರ್ಚುಗೀಸರ ಮೊದಲ ವೈಸ್‌ರಾಯ್ ಫ್ರಾನ್ಸಿಸ್ಕೊ ಡಿ ಅಲ್ಮೇಡಾ ಭಾರತಕ್ಕೆ ಬಂದವನೇ ಇಲ್ಲಿ ಕೋಟೆ ಕಟ್ಟಿಸೋಕೆ ಶುರು ಮಾಡಿದ. ನಕ್ಷೆ ನೋಡಿದ್ರೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ: ಸುತ್ತ ನೀರು, ಕುಡಿಯೋಕೆ ಸಿಹಿನೀರು, ಎದುರಿಗೇ ವ್ಯಾಪಾರದ ಕರಾವಳಿ.

ಮರುವರ್ಷ ಬಿಜಾಪುರದ ಕಡೆಯ ಹಡಗುಗಳು ಮುತ್ತಿಗೆ ಹಾಕಿದವು. ದಾಳಿ ಹಿಮ್ಮೆಟ್ಟಿತು ನಿಜ. ಆದರೆ ಇನ್ನೊಂದು ಸತ್ಯ ಅರ್ಥವಾಯ್ತು: ಮಳೆಗಾಲದ ನಾಲ್ಕು ತಿಂಗಳು ಕೊಚ್ಚಿಯಿಂದ ಇಲ್ಲಿಗೆ ಒಂದು ಮೂಟೆ ಅಕ್ಕಿಯನ್ನೂ ಕಳಿಸೋಕಾಗಲ್ಲ. ಕಟ್ಟಿದ ಕೋಟೆಯನ್ನು ತಾವೇ ಕೆಡವಿ ಹೊರಟುಹೋದರು. ಎದುರಾಳಿಯನ್ನು ತಡೆದ ಕೋಟೆಗೆ ಆಷಾಢವನ್ನು ತಡೆಯೋಕೆ ಆಗಲಿಲ್ಲ.

4/7
ಈಗ ಹೇಳೋದು ಈ ದ್ವೀಪದ ಅತ್ಯಂತ ದುಃಖದ ಅಧ್ಯಾಯ. ಇತಿಹಾಸದ ಪುಸ್ತಕಗಳಲ್ಲಿ ಇದಕ್ಕೆ ಹೆಚ್ಚೆಂದರೆ ಒಂದು ಸಾಲು.

ಇಂಗ್ಲೆಂಡಿನ ರಾಜ ಎರಡನೇ ಚಾರ್ಲ್ಸ್ ಪೋರ್ಚುಗಲ್‌ನ ರಾಜಕುಮಾರಿ ಕ್ಯಾಥರೀನಳನ್ನು ಮದುವೆಯಾದಾಗ ಬಾಂಬೆ ವರದಕ್ಷಿಣೆಯಾಗಿ ಸಿಕ್ಕಿತು. ಇದು ಎಲ್ಲರಿಗೂ ಗೊತ್ತು. ವರದಕ್ಷಿಣೆ ವಸೂಲಿಗೆ ಬಂದವರ ಗತಿ ಏನಾಯ್ತು ಗೊತ್ತಾ?

1662ರಲ್ಲಿ ಸರ್ ಅಬ್ರಹಾಂ ಶಿಪ್‌ಮನ್ ಸುಮಾರು 400 ಸೈನಿಕರೊಂದಿಗೆ ಬಾಂಬೆಗೆ ಬಂದ. ಒಪ್ಪಂದದ ಅರ್ಥದ ಬಗ್ಗೆಯೇ ತಕರಾರು ತೆಗೆದು ಪೋರ್ಚುಗೀಸ್ ಅಧಿಕಾರಿಗಳು ಊರು ಬಿಟ್ಟುಕೊಡಲಿಲ್ಲ. ಸೂರತ್‌ನಲ್ಲಿ ಇಳಿಯೋಣ ಅಂದ್ರೆ ಮೊಘಲರು ಸಿಟ್ಟಾಗ್ತಾರೆ ಅಂತ ಅಲ್ಲಿದ್ದ ಇಂಗ್ಲಿಷ್ ಕಂಪನಿಯವರೇ ಬೇಡ ಅಂದರು. ಸ್ವಂತದವರೂ ಸೇರಿಸಲಿಲ್ಲ, ಬೀಗರೂ ಸೇರಿಸಲಿಲ್ಲ. ಕೊನೆಗೆ ಬಂದು ಇಳಿದದ್ದು ಅಂಜುದೀವ್‌ನಲ್ಲಿ.

ತಾತ್ಕಾಲಿಕ ಅಂದುಕೊಂಡಿದ್ದು ಎರಡು ವರ್ಷ ಮೀರಿತು. ಲಂಡನ್ನಿಗೂ ಲಿಸ್ಬನ್ನಿಗೂ ಕಾಗದ ಹೋಗಿ ಬರೋ ಹೊತ್ತಿಗೆ ಮಳೆಗಾಲಗಳೇ ಕಳೆದವು. ಜ್ವರ, ಭೇದಿ, ಸಾಲದ ಊಟ. 1664ರಲ್ಲಿ ಶಿಪ್‌ಮನ್ ಕೂಡ ಇಲ್ಲೇ ಸತ್ತ. 1665ರ ಫೆಬ್ರವರಿಯಲ್ಲಿ ಅವನ ಕಾರ್ಯದರ್ಶಿ ಹಂಫ್ರೀ ಕುಕ್ ಬಾಂಬೆಯನ್ನು ವಶಕ್ಕೆ ಪಡೆದಾಗ ಜೊತೆಗೆ ಉಳಿದಿದ್ದ ಸೈನಿಕರು ನೂರರ ಆಸುಪಾಸು.

ಎದುರಿಗೆ ದಡ ಕಾಣುತ್ತೆ, ತೆಂಗಿನ ಮರಗಳು ಕಾಣುತ್ತವೆ, ಅಡುಗೆಯ ಹೊಗೆ ಏಳೋದೂ ಕಂಡಿರಬೇಕು. ಆದರೂ ಅವರ ಪಾಲಿಗೆ ಅದು ಲಂಡನ್ನಿನಷ್ಟೇ ದೂರ.

5/7
1682ರಲ್ಲಿ ಪೋರ್ಚುಗೀಸರು ಮರಳಿ ಬಂದು ಮತ್ತೆ ಕೋಟೆ ಕಟ್ಟಿದರು. ಸಂಭಾಜಿ ಅಲ್ಲಿ ನೆಲೆಯೂರುತ್ತಾನೆ ಅನ್ನೋ ಭಯ ಅವರಿಗೆ. ದ್ವೀಪದಲ್ಲಿದ್ದ ದೇವಿಯನ್ನು ಭಕ್ತರು ದಡಕ್ಕೆ ತಂದರು, ಅಂಕೋಲೆಯ ಆರ್ಯಾದುರ್ಗೆಯೇ ಆ ದೇವಿ ಅನ್ನೋದು ನಮ್ಮ ಕಡೆಯ ನಂಬಿಕೆ. ದ್ವೀಪಕ್ಕೆ ದೋಣಿ ಇಲ್ಲದ ನಮಗೆ ಅಂಕೋಲೆಗೆ ಬಸ್ಸಿದೆ!

ಪೋರ್ಚುಗೀಸರ ಬಾವುಟ ಇಳಿದದ್ದು 1961ರ ಡಿಸೆಂಬರ್‌ನಲ್ಲಿ, ಗೋವಾ ವಿಮೋಚನೆಯ ಹೊತ್ತಿಗೆ. ಐಎನ್‌ಎಸ್ ತ್ರಿಶೂಲ್‌ನಿಂದ ನಾವಿಕರು ದ್ವೀಪಕ್ಕಿಳಿದರು, ಐಎನ್‌ಎಸ್ ಮೈಸೂರ್ ಬೆಂಬಲಕ್ಕೆ ನಿಂತಿತ್ತು. ಆ ಸಣ್ಣ ದ್ವೀಪಕ್ಕಾಗಿ ನಮ್ಮ ಏಳು ನೌಕಾ ಯೋಧರು ಪ್ರಾಣ ಕೊಟ್ಟರು. ಅವರ ಸ್ಮಾರಕ ಅಲ್ಲಿದೆ.

6/7
1986ರಲ್ಲಿ ಸೀಬರ್ಡ್ ಯೋಜನೆಗೆ ಶಂಕುಸ್ಥಾಪನೆ, 2005ರಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ. ನೆಲೆಗಾಗಿ ಕಾರವಾರ, ಅಂಕೋಲಾ ತಾಲೂಕಿನ ಸಾವಿರಾರು ಕುಟುಂಬಗಳು ಊರು ಬಿಟ್ಟವು. ಹಡಗುಗಳಿಗೆ ಅಲೆಯಿಂದ ರಕ್ಷಣೆ ಬೇಕಲ್ಲ, ಅದಕ್ಕೆ ಕಲ್ಲು ಸುರಿದು ಅಲೆತಡೆ ಕಟ್ಟಿ ದ್ವೀಪವನ್ನು ದಡಕ್ಕೆ ಜೋಡಿಸಿದರು.

ಅಂದ್ರೆ ಇವತ್ತು ಅಂಜುದೀವ್ ತಲುಪೋಕೆ ಕಡಲು ದಾಟಬೇಕಾಗಿಲ್ಲ. ಆದರೆ ನನಗೂ ನಿಮಗೂ ಪ್ರವೇಶ ಇಲ್ಲ. ಅಲ್ಲಿನ ಹಳೇ ಚರ್ಚಿನ ಹಬ್ಬಕ್ಕೆ ಗೋವಾದಿಂದ ಬರುತ್ತಿದ್ದ ಭಕ್ತರಿಗೂ ನಿರ್ಬಂಧ ಬಂತು. ಹಿಂದೆ ಗಾಳಿ ತಡೆಯುತ್ತಿತ್ತು, ಈಗ ಗೇಟು.

7/7
ಹಾಗಾದ್ರೆ ಎಲ್ಲಿಗೆ ಹೋಗೋದು? ಕೂರ್ಮಗಡ ಇದೆ, ನರಸಿಂಹ ದೇವರ ದ್ವೀಪ. ಜನವರಿಯಲ್ಲಿ ಜಾತ್ರೆ. ಆದರೆ 2019ರ ಜನವರಿ 21 ನೆನಪಿರಲಿ. ಜಾತ್ರೆಗೆ ಹೋಗಿದ್ದವರ ದೋಣಿ ಮಗುಚಿ ಮಕ್ಕಳೂ ಸೇರಿ ಹಲವರು ತೀರಿಕೊಂಡರು. ಅದು ಆಷಾಢವಲ್ಲ ಮಾರಾಯ್ರೆ, ಎಲ್ಲರೂ ಕಡಲು ಶಾಂತ ಅನ್ನುವ ತಿಂಗಳು.

ಆದ್ದರಿಂದ ನವೆಂಬರ್‌ನಿಂದ ಫೆಬ್ರವರಿ ನಡುವೆ ಹೊರಡಿ. ಮಧ್ಯಾಹ್ನದ ಮೇಲೆ ಗಾಳಿ ಜೋರಾಗುತ್ತೆ, ಬೆಳಿಗ್ಗೆಯೇ ಹೋಗಿ ಬನ್ನಿ. ಲೈಫ್ ಜಾಕೆಟ್ ಸೀಟಿನ ಕೆಳಗೆ ಬೇಡ, ಮೈಮೇಲೆ ಇರಲಿ. ದೋಣಿ ತುಂಬಿದೆ ಅನ್ನಿಸಿದ್ರೆ ಹತ್ತಬೇಡಿ, ದುಡ್ಡು ಹೋದ್ರೆ ಹೋಗಲಿ. ಮುಖ್ಯವಾಗಿ, ದೋಣಿಯವರು "ಇವತ್ತು ಬೇಡ" ಅಂದ್ರೆ ವಾದ ಮಾಡಬೇಡಿ. ರಜೆ ಮುಗಿಯುತ್ತೆ ಅನ್ನೋದು ಕಡಲಿಗೆ ಗೊತ್ತಿಲ್ಲ.

ಕಾರವಾರ, ಅಂಕೋಲೆ ಕಡೆಯವರೇ, ನಿಮ್ಮ ಅಜ್ಜ ಅಜ್ಜಿಯರು ಅಂಜುದೀವ್ ಬಗ್ಗೆ ಏನಾದ್ರೂ ಹೇಳಿದ್ದು ನೆನಪಿದ್ರೆ ಕಮೆಂಟ್‌ನಲ್ಲಿ ಬರೀರಿ. ದ್ವೀಪಕ್ಕೆ ಹೋಗೋಕಾಗದಿದ್ರೂ ಆ ನೆನಪುಗಳನ್ನಾದರೂ ಕೂಡಿಡೋಣ.

#ಅಂಜುದೀವ್ #ಕಾರವಾರ #ಕರಾವಳಿಇತಿಹಾಸ #ಕಡಲಕಥೆಗಳು