ಫಟಫಟಿಯ ಕೆಂಪು ದೀಪ

ಜಾವಾ ಗಾಡಿಯ ಹೆಡ್‌ಲೈಟಿನ ನೆತ್ತಿಯ ಮೇಲೆ ಕುಂಕುಮದ ಬೊಟ್ಟಿನಷ್ಟು ಒಂದು ಕೆಂಪು ದೀಪ ಇರುತ್ತದೆ. ಮೊಳೆಯಂಥ ಕೀ ಒತ್ತಿದಾಗ ಅದು ಹತ್ತಬೇಕು, ಎಂಜಿನ್ ವೇಗ ಹಿಡಿದಾಗ ಆರಬೇಕು. ಆರಲಿಲ್ಲವೆಂದರೆ ಡೈನಮೊ ಬ್ಯಾಟರಿಗೆ ಏನನ್ನೂ ಕೊಡುತ್ತಿಲ್ಲ. ನವಲಗುಂದದ ಕಡೆಯ ಎರಿ ಹೊಲಗಳ ನಡುವೆ, ಒಂದು ಊರಿನ ದೀಪ ಕಣ್ಮರೆಯಾಗಿ ಇನ್ನೊಂದು ಊರಿನದು ಇನ್ನೂ ಕಾಣದ ಹೊತ್ತಿನಲ್ಲಿ ಹೀಗಾದರೆ ಸವಾರನಿಗೆ ಎರಡೇ ದಾರಿ: ಹೆಡ್‌ಲೈಟ್ ಆರಿಸಿ ಬೆಳದಿಂಗಳನ್ನು ನಂಬುವುದು, ಇಲ್ಲವೇ ಇಳಿದು ತಳ್ಳುವುದು.

ಈ ಗಾಡಿ ಚೆಕ್ ದೇಶದ ಕೂಸು. ಫ್ರಾಂಟಿಷೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟರ್‌ಸೈಕಲ್ ವಿನ್ಯಾಸವನ್ನು ಕೊಂಡು, ತನ್ನ ಹೆಸರಿನ ಮೊದಲಕ್ಷರಗಳಿಗೆ ವಾಂಡರರ್‌ನ ಮೊದಲಕ್ಷರಗಳನ್ನು ಜೋಡಿಸಿದ, ‘ಜಾವಾ’ ಆಯಿತು. ಅದನ್ನು ಕನ್ನಡ ನಾಡಿಗೆ ತಂದವರು ರುಸ್ತುಂ ಮತ್ತು ಫಾರೂಕ್ ಇರಾನಿ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಗಾಡಿಗಳು ಹೊರಬೀಳತೊಡಗಿದವು. 1973ರಲ್ಲಿ ಹೆಸರು ಯೆಜ್ಡಿ ಎಂದಾಯಿತು, 1978ರಲ್ಲಿ ರೋಡ್‌ಕಿಂಗ್ ಎಂಬ ಮಾದರಿ ಬಂತು. ಧಾರವಾಡದ ಹಳ್ಳಿಗಳಿಗೆ ಈ ಹೆಸರುಗಳ ಹಂಗು ಅಷ್ಟಿರಲಿಲ್ಲ. ಶಬ್ದ ಮಾಡುತ್ತ ಬರುವ ಎರಡು ಗಾಲಿಯ ಗಾಡಿ ಯಾವುದಾದರೇನು, ಅದು ಫಟಫಟಿ.

ಕಾಲವೂ ಕೂಡಿಬಂದಿತ್ತು. ಧಾರವಾಡದಲ್ಲಿ ಡಾ. ಕಟರಕಿ ಅವರು ರೂಪಿಸಿದ ವರಲಕ್ಷ್ಮಿ ಹೈಬ್ರಿಡ್ ಹತ್ತಿ ಹೊಲಕ್ಕಿಳಿದದ್ದು 1972ರಲ್ಲಿ. ಅದೇ ದಶಕದಲ್ಲಿ ಮಲಪ್ರಭಾ ಕಾಲುವೆಯ ನೀರು ನವಲಗುಂದದ ಕಡೆಗೆ ಹರಿಯತೊಡಗಿತು. ಹತ್ತಿ ಮಾರಿ ಕೈಯಲ್ಲಿ ನಾಲ್ಕು ಕಾಸು ಉಳಿದವನಿಗೆ ಚಕ್ಕಡಿ ಬಿಟ್ಟು ಬೇರೆ ಸವಾರಿ ಬೇಕೆನಿಸಿದರೆ ಆಶ್ಚರ್ಯವೇನಿಲ್ಲ. ಆದರೆ ಎರಿ ಮಣ್ಣು ಫಟಫಟಿಗೂ ಪಾಠ ಕಲಿಸುತ್ತಿತ್ತು. ಒಂದು ಹದ ಮಳೆಯಾದರೆ ಸಾಕು, ಆ ಅಂಟು ಮಣ್ಣು ಗಾಲಿಗೂ ಆಳವಾದ ಮಡ್‌ಗಾರ್ಡಿಗೂ ನಡುವೆ ಗಿಡಿದು ತುಂಬಿಕೊಂಡು, ಗಾಡಿ ನಿಂತಲ್ಲೇ ನಿಲ್ಲುತ್ತಿತ್ತು. ಕಡ್ಡಿ ತಗೊಂಡು ಕೆದರಬೇಕು, ನಾಲ್ಕು ಮಾರು ಹೋಗಬೇಕು, ಮತ್ತೆ ಕೆದರಬೇಕು. ಕಲಘಟಗಿಯ ಕೆಂಪು ಮಣ್ಣಿನ ಸವಾರರಿಗೆ ಈ ಕಾಟ ಕಡಿಮೆ.

ಎಂಜಿನ್ ಬಿಚ್ಚುವುದಕ್ಕೆ ಊರವರು ಅಂಜುತ್ತಿರಲಿಲ್ಲ. ಅದರಲ್ಲಿ ಇರುವುದೇ ಅಷ್ಟು: ಒಂದು ಸಿಲಿಂಡರ್, 65 ಮಿ.ಮೀ. ಬೋರು, 75 ಮಿ.ಮೀ. ಸ್ಟ್ರೋಕು, ಒಂದು ಸಿಲಿಂಡರಿಗೆ ಎರಡು ಸೈಲೆನ್ಸರು. ವಾಲ್ವಿಲ್ಲ, ಕ್ಯಾಮಿಲ್ಲ. ಕಿಕ್ ಹೊಡೆದ ಕಡ್ಡಿಯನ್ನೇ ಮುಂದಕ್ಕೆ ಮಗುಚಿದರೆ ಅದೇ ಗೇರಿನ ಕಡ್ಡಿ. ಹೊಲದಲ್ಲಿ ಕಿರ್ಲೋಸ್ಕರ್ ಡೀಸೆಲ್ ಎಂಜಿನ್ ಬಿಚ್ಚಿ ಜೋಡಿಸಿದ ಕೈಗೆ ಇದೇನು ದೊಡ್ಡದಲ್ಲ. ಪೆಟ್ರೋಲಿನೊಳಗೇ ಎಣ್ಣೆ, ಲೀಟರಿಗೆ 40 ಮಿಲಿ ಲೆಕ್ಕ. ಕೈ ಹೆಚ್ಚಾದರೆ ಸೈಲೆನ್ಸರಿನಲ್ಲಿ ಕಾಡಿಗೆ ಕಟ್ಟುತ್ತದೆ. ಕಟ್ಟಿದ ಕಾಡಿಗೆಗೆ ಊರಿನ ಮದ್ದು ಬೆಂಕಿಯೇ. ಸೈಲೆನ್ಸರ್ ಕಳಚಿ ಉರಿಯಲ್ಲಿಟ್ಟರೆ ಕಪ್ಪು ಹೊಗೆ ಕಾರಿ ಹಗುರಾಗುತ್ತದೆ, ಕ್ರೋಮ್ ಮಾತ್ರ ಮರಳಿ ಬರುವುದಿಲ್ಲ.

ನಿಜವಾದ ಕುಶಲತೆ ಕಾಣುವುದು ಕ್ರ್ಯಾಂಕ್‌ಕೇಸ್ ಎರಡು ಹೋಳಾದಾಗ. ಟೂ ಸ್ಟ್ರೋಕ್ ಎಂಜಿನ್ ಗಾಳಿ ಮತ್ತು ಪೆಟ್ರೋಲನ್ನು ಮೊದಲು ಹೀರಿಕೊಳ್ಳುವುದು ಕ್ರ್ಯಾಂಕಿನ ಕೋಣೆಗೇ, ಹಾಗಾಗಿ ಆ ಕೋಣೆಗೆ ಕೂದಲೆಳೆಯ ಸೀಳೂ ಇರಕೂಡದು. ಎಡಗಡೆ, ಕ್ಲಚ್ಚಿನ ಬದಿಯ ಸೀಲು ಸವೆದರೆ ಒಳಗಿನ ಗೇರ್ ಆಯಿಲ್ಲನ್ನೇ ಎಂಜಿನ್ ಕುಡಿದು ಬೆಳ್ಳಗೆ ಹೊಗೆ ಬಿಡುತ್ತದೆ. ಡೈನಮೊದ ಬದಿಯದು ಸವೆದರೆ ಕಳ್ಳಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ, ಬಿಸಿ ಏರಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಬೇರಿಂಗು ಕೂರಿಸುವಾಗ ಅಲ್ಯೂಮಿನಿಯಂ ಕೇಸನ್ನು ಒಲೆಯ ಮೇಲೆ ಕಾಸುತ್ತಾರೆ. ಅದಕ್ಕೆ ಥರ್ಮಾಮೀಟರ್ ಬೇಕಿಲ್ಲ. ನೀರು ಚಿಮುಕಿಸಿದಾಗ ರೊಟ್ಟಿಯ ಹಂಚಿನ ಹಾಗೆ ಚುಂಯ್ ಎನ್ನಬೇಕು, ಆಗ ಬೇರಿಂಗು ಸುತ್ತಿಗೆಯ ಏಟಿಲ್ಲದೆ ತಾನಾಗಿ ಕೆಳಗಿಳಿಯುತ್ತದೆ. ಮನೆಯೊಡತಿಯಿಂದ ಒಲೆ ಬಿಡಿಸಿಕೊಳ್ಳುವುದೇ ಈ ಕೆಲಸದ ಕಠಿಣ ಭಾಗ ಎಂದರೂ ನಡೆಯುತ್ತದೆ. ಬೋರು ಕೊರೆಸಲು, ಕ್ರ್ಯಾಂಕ್ ಒತ್ತಿಸಲು ಮಾತ್ರ ಹುಬ್ಬಳ್ಳಿಯ ಲೇತ್ ಅಂಗಡಿಗೆ ಹೋಗಲೇಬೇಕು. ಬಸ್ಸಿನಲ್ಲಿ ಕಾಲ ಬುಡಕ್ಕೆ ಗೋಣಿಚೀಲ, ಚೀಲದೊಳಗೆ ಸಿಲಿಂಡರು.

ಡೈನಮೊ ಎಂದರೆ ಇದೇ ಕೈಗಳು ಹಿಂಜರಿಯುತ್ತವೆ. ಎಂಜಿನ್ನಿನ ರೋಗ ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುತ್ತದೆ. ಕರೆಂಟಿನ ರೋಗಕ್ಕೆ ರೂಪವಿಲ್ಲ. ಬಲಗಡೆಯ ಮುಚ್ಚಳ ತೆಗೆದರೆ ಕ್ರ್ಯಾಂಕಿನ ತುದಿಗೇ ಕೂತ ಆರ್ಮೇಚರ್, ಸುತ್ತ ಫೀಲ್ಡ್ ಕಾಯಿಲ್ಲುಗಳು, ಪಕ್ಕದಲ್ಲಿ ಕಿಡಿಯ ಹೊತ್ತು ಹಿಡಿಯುವ ಪಾಯಿಂಟು. ಇದೆಲ್ಲ ಸೇರಿ ಕೊಡುವುದು 6 ವೋಲ್ಟು, 45 ವ್ಯಾಟು. ಹೆಡ್‌ಲೈಟು, ಹಿಂದಿನ ದೀಪ, ಹಾರ್ನು, ಕಿಡಿ ಹಾರಿಸುವ ಕಾಯಿಲ್ಲು, ಎಲ್ಲರ ಊಟವೂ ಈ ಒಂದೇ ಗಡಿಗೆಯಿಂದ. ಕಿಡಿಗೂ ಬ್ಯಾಟರಿಯೇ ಆಧಾರವಾದ್ದರಿಂದ ಚಾರ್ಜು ತಪ್ಪಿದ ಗಾಡಿ ದೀಪ ಕಳೆದುಕೊಂಡು ಸುಮ್ಮನಾಗುವುದಿಲ್ಲ, ಒಂದಷ್ಟು ಹೊತ್ತಿಗೆ ಎಂಜಿನ್ನೇ ನಿಲ್ಲುತ್ತದೆ. ಅದರ ಮೇಲೆ ಬ್ಯಾಟರಿಗೆ ಎರಿ ಸೀಮೆಯ ಬಾವಿಯ ಸವುಳು ನೀರು ಹಾಕಿದರಂತೂ ಪ್ಲೇಟುಗಳ ಕಥೆ ಮುಗಿಯಿತು.

ರಿಪೇರಿಯ ದಾರಿ ಸಿಕ್ಕಿದ್ದು ಪಂಪ್‌ಸೆಟ್ಟಿನಿಂದ. ಸುಟ್ಟ ಮೋಟರಿಗೆ ತಂತಿ ಸುತ್ತುವ ರಿವೈಂಡಿಂಗ್ ಅಂಗಡಿಯವರಿಗೆ ಆರ್ಮೇಚರ್ ಹೊಸದಲ್ಲ. ಕಮ್ಯುಟೇಟರಿನ ತಾಮ್ರವನ್ನು ಪಾಲಿಶ್ ಕಾಗದದಿಂದ ಉಜ್ಜಿ ಹೊಳಪಿಸಿ, ಪಟ್ಟಿಗಳ ನಡುವಿನ ಅಭ್ರಕವನ್ನು ಮುರಿದ ಗರಗಸದ ಬ್ಲೇಡಿನಿಂದ ತುಸು ತಗ್ಗಿಸಬೇಕು. ಅಭ್ರಕ ತಾಮ್ರಕ್ಕಿಂತ ಮೇಲೆದ್ದರೆ ಕಾರ್ಬನ್ ಬ್ರಷ್ ಅದರ ಮೇಲೆ ಕುಣಿಯುತ್ತದೆ, ಕಿಡಿ ಹಾರುತ್ತದೆ, ಕೆಂಪು ದೀಪ ಮಿಣುಕುತ್ತದೆ. ಬಹಳ ದಿನ ಬಿಚ್ಚಿಟ್ಟ ಡೈನಮೊ ತನ್ನ ಅಯಸ್ಕಾಂತದ ನೆನಪನ್ನೇ ಮರೆತಿರುತ್ತದೆ. ಬ್ಯಾಟರಿಯ ತಂತಿಯನ್ನು ಫೀಲ್ಡಿಗೆ ಅರೆಕ್ಷಣ ಮುಟ್ಟಿಸಿದರೆ ಮತ್ತೆ ಎಚ್ಚರವಾಗುತ್ತದೆ. ಗೊತ್ತಿಲ್ಲದವರು ಇದೊಂದಕ್ಕಾಗಿ ಎಷ್ಟು ಒಳ್ಳೆಯ ಡೈನಮೊಗಳನ್ನು ಗುಜರಿಗೆ ಹಾಕಿದರೋ!

ಎಂಬತ್ತರ ದಶಕದ ನಡುವೆ ಜಪಾನಿ ಕೈಹಿಡಿದ 100 ಸಿಸಿ ಗಾಡಿಗಳು ಬಂದವು. ಕಡಿಮೆ ಪೆಟ್ರೋಲು, ಕಡಿಮೆ ಕಿರಿಕಿರಿ. 1996ರಲ್ಲಿ ಮೈಸೂರಿನ ಕಾರ್ಖಾನೆಗೆ ಬೀಗ ಬಿತ್ತು. ಕೊನೆಯ ವರ್ಷಗಳ ಕೆಲವು ಯೆಜ್ಡಿಗಳಿಗೆ ಕಂಪನಿಯೇ 12 ವೋಲ್ಟಿನ ಸಿಡಿಐ ಎಂಬ ಎಲೆಕ್ಟ್ರಾನಿಕ್ ಕಿಡಿ ವ್ಯವಸ್ಥೆ ಕೊಟ್ಟಿತ್ತು, ಪಾಯಿಂಟಿನ ಗೋಳೇ ಇರಲಿಲ್ಲ. ಈಗ ಹಳೆಯ ಗಾಡಿಗಳಿಗೂ ಅಂಥದ್ದೇ ಜೋಡಣೆ ಕೂರಿಸಿಕೊಳ್ಳುವವರಿದ್ದಾರೆ. ರಾತ್ರಿ ಓಡಾಡುವವನಿಗೆ ಅದೇ ಲೇಸು. ಮೂಲ ರೂಪ ಕೆಡಬಾರದೆನ್ನುವವರು 6 ವೋಲ್ಟನ್ನೇ ಹಿಡಿದು, ಚಾರ್ಜು ನಿಯಂತ್ರಿಸುವ ಹಳೆಯ ಕಟೌಟಿನ ಜಾಗದಲ್ಲಿ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಬಚ್ಚಿಡುತ್ತಾರೆ. ಜಾವಾ ಹೆಸರು 2018ರಲ್ಲಿ, ಯೆಜ್ಡಿ 2022ರಲ್ಲಿ ಹೊಸ ಕಂಪನಿಯ ಫೋರ್ ಸ್ಟ್ರೋಕ್ ಗಾಡಿಗಳ ಮೇಲೆ ಮರಳಿದಾಗ, ದನದ ಕೊಟ್ಟಿಗೆಯಲ್ಲಿ ಹೊಟ್ಟಿನ ಚೀಲದ ಕೆಳಗೆ ಬಿದ್ದಿದ್ದ ಹಳೆಯವಕ್ಕೂ ಬೆಲೆ ಬಂತು. ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ಗಾಡಿ ಓಡಬೇಕು, ದೀಪ ಹತ್ತಬೇಕು. ಅಜ್ಜನ ಫಟಫಟಿಯನ್ನು ಮೊಮ್ಮಗ ಅಂಗಳಕ್ಕೆ ಎಳೆಯುವುದು ಒಮ್ಮೊಮ್ಮೆ ಈ ಕಾರಣಕ್ಕೇ.

ತಿಂಗಳುಗಟ್ಟಲೆ ಬಿಚ್ಚಿ ಜೋಡಿಸಿದ ಅಂಥ ಗಾಡಿ ಮೊದಲ ಸಲ ಶುರುವಾದಾಗ ಅಂಗಳದ ತುಂಬ ಹೊಗೆ, ಕೋಳಿಗಳು ಚೆಲ್ಲಾಪಿಲ್ಲಿ. ಹುಡುಗ ಎಕ್ಸಲೇಟರ್ ತಿರುವುತ್ತಾನೆ. ‘ಕಾಕಾ, ಕೆಂಪ ಲೈಟ್ ಆರಿತು!’ ಕಟ್ಟೆಯ ಮೇಲೆ ಕೂತ ಮಿಸ್ತ್ರಿ ಎಲೆ ಅಡಿಕೆ ಅಗಿಯುತ್ತಲೇ ಹೇಳುತ್ತಾನೆ: ‘ಈಗ ಹೆಡ್‌ಲೈಟ್ ಹಾಕು. ಹಾಕಿದ ಮ್ಯಾಲೂ ಆರಿತಂದ್ರ ಆಮ್ಯಾಗ ಮಾತಾಡೂಣು.’